ಎರಡನೆಯ ಬುಟ್ಟಿ

ಆ ದಿನವೂ ನಾನು ಎದ್ದದ್ದು ಅತ್ತೆಯ ಕೆಮ್ಮಿಗೇ. ಹುಮನಾಬಾದಿನ ನಮ್ಮ ಮನೆಯಲ್ಲಿ ಗೋಡೆ ಗಡಿಯಾರವೊಂದಿತ್ತು. ಅದಕ್ಕೆ ಕೀಲಿ ಕೊಡುವ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಅತ್ತೆ ಬೆಳಗಿನ ಐದಕ್ಕೆ ಮೂರು ಸಲ ಕೆಮ್ಮಿ ನಾಲ್ಕನೆಯ ಸಲ ಶಿವನ ಹೆಸರು ಹೇಳುತ್ತಿದ್ದರು. ಅಷ್ಟಕ್ಕೂ ನಾನು ಏಳದಿದ್ದರೆ, "ಕಾನ್ವೆಂಟಿನಾಗ ಹೊತ್ತೇರೂತನ ಮಲಗಸ್ತಿದ್ರು ಕಾಣಸ್ತದ" ಎಂಬ ಮಾತು ಗೋಡೆಯ ಕಡೆ ಮುಖ ಮಾಡಿಕೊಂಡು ಬರುತ್ತಿತ್ತು. ಹೈದರಾಬಾದಿನ ಆ ಕಾನ್ವೆಂಟಿನ ವಸತಿಯಲ್ಲಿ ನಮ್ಮನ್ನು ಎಬ್ಬಿಸುತ್ತಿದ್ದದ್ದು ನಾಲ್ಕೂವರೆಗೆ, ಅದೂ ಕಿವಿಯ ಹತ್ತಿರ ಗಂಟೆ ಬಾರಿಸಿ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಇದನ್ನು ಹೇಳಲು ನನಗೆ ಸಂದರ್ಭ ಸಿಕ್ಕಿರಲಿಲ್ಲ.

ಇಸವಿ ಎಂಬತ್ತೆರಡೋ ಎಂಬತ್ಮೂರೋ ಇರಬೇಕು. ಯುಗಾದಿ ಮುಗಿದು ಶಾಲೆಗೆ ಸೂಟಿ ಬಿದ್ದಿತ್ತು. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಮಾಸ್ತರರು, ಹಾಗಾಗಿ ಮನೆಯಲ್ಲೇ ಇದ್ದರು. ನಾನು ಅಂಗಳಕ್ಕೆ ನೀರು ಹೊಡೆದು, ನಾಲ್ಕೆಳೆ ರಂಗೋಲಿ ಹಾಕಿ, ಎರಡು ಮೆಟ್ಟಿಲಿಳಿದು ಅಡುಗೆಮನೆಗೆ ಹೋದೆ. ಮಾವನವರು ಕಟ್ಟಿಸಿದ ಮನೆ ಅದು. ಬಾಗಿಲೊಳಗೆ ಬರುತ್ತಲೇ ದನದ ಕೊಟ್ಟಿಗೆ, ಆಮೇಲೆ ಪಡಸಾಲೆ, ಆಮೇಲೆ ದೇವರ ಕೋಣೆ, ಎಲ್ಲಕ್ಕೂ ಹಿಂದೆ ಅಡುಗೆಮನೆ. ಒಂದು ಮೊಳಕ್ಕೂ ದಪ್ಪನೆಯ ಕಲ್ಲಿನ ಗೋಡೆ. ಮೇಲೆ ತೊಲೆ, ಹಲಗೆ, ಅದರ ಮೇಲೆ ಮಣ್ಣು ಹಾಸಿದ ಮಾಳಿಗೆ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಮಾವನವರ ಕಾಲಕ್ಕೆ ಕಿಟಕಿ ಎಂದರೆ ಕಳ್ಳರಿಗೆ ಬಿಟ್ಟುಕೊಟ್ಟ ದಾರಿ. ಮಾಳಿಗೆಯಲ್ಲಿ ಒಂದು ಮುಷ್ಟಿ ಹೋಗುವಷ್ಟು ತೂತಿತ್ತು. ಮಳೆಗಾಲದಲ್ಲಿ ಅದರ ಮೇಲೊಂದು ಒಡಕು ಮಡಕೆ ಬೋರಲು ಹಾಕುತ್ತಿದ್ದೆವು.

ತೊಗರಿ ಕಟ್ಟಿಗೆ ಮುರಿದು ಒಲೆಗಿಟ್ಟೆ. ಸೆಗಣಿ ಕುಳ್ಳಿನ ಚೂರಿಗೆ ಸೀಮೆಎಣ್ಣೆ ಹನಿಸಿ ಕಡ್ಡಿ ಗೀರಿದೆ. ಊದುಗೊಳವೆಯಲ್ಲಿ ಊದಿದೆ. ಹೊಗೆ ಮೊದಲು ಮೂಲೆಗೆ ಹೋಗುತ್ತದೆ, ಅಲ್ಲಿಂದ ತಿರುಗಿ ಕೋಣೆಯ ನಡುವಿಗೆ ಬಂದು ಭುಜದ ಎತ್ತರದಲ್ಲಿ ನಿಲ್ಲುತ್ತದೆ. ಕೂತರೆ ಉಸಿರಾಡಬಹುದು, ನಿಂತರೆ ಆಗದು. ಮೇಲಿನ ಹಲಗೆಯ ಡಬ್ಬಿಯಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡಬೇಕಾದರೆ ನಾನು ಉಸಿರು ಹಿಡಿದು ಎದ್ದು, ಡಬ್ಬಿ ಅಲುಗಿಸಿ, ತಟ್ಟನೆ ಕೂರುತ್ತಿದ್ದೆ. ಆ ವರ್ಷ ನನಗೆ ಅಕ್ಕಿಯಲ್ಲಿ ಕಲ್ಲು ಕಾಣುವುದು ನಿಂತಿತ್ತು. ಊರಿನ ಡಾಕ್ಟರು ನನ್ನ ರೆಪ್ಪೆ ಎತ್ತಿ ನೋಡಿ, "ಒಲಿ ಬಿಡಬೇಕ್ರಿ ಬಾಯಿ" ಎಂದಿದ್ದರು, ಎಲೆಅಡಿಕೆ ಬಿಡಬೇಕು ಎಂದು ಹೇಳುವ ಹಾಗೆ. ಅತ್ತೆಯ ಎಡಗಣ್ಣು ಆಗಲೇ ಬೆಳ್ಳಗಾಗಿತ್ತು, ಬಲಗಣ್ಣೂ ಮಂಜಾಗಿತ್ತು. ಅವರು ಅದೇ ಒಲೆಯ ಮುಂದೆ ಮೂವತ್ತು ವರ್ಷ ಕೂತವರು. ನಾನು ಕೂತು ಇಪ್ಪತ್ತಾಗಿತ್ತು. ನನಗೂ ಲೆಕ್ಕ ಬರುತ್ತಿತ್ತು.

ಹಾಗಾಗಿ ನಾನೊಂದು ಅಂದಾಜು ಬರೆದಿದ್ದೆ. ಮನೆಯ ರಿಪೇರಿಗೆಂದೇ ಮಾವನವರು ಸಾಯುವ ಮುಂಚೆ ಅಂಚೆ ಕಚೇರಿಯಲ್ಲಿ ಇಟ್ಟ ಹಣ ಆ ವರ್ಷ ಕೈಗೆ ಬರುವುದಿತ್ತು, ಬಡ್ಡಿ ಸೇರಿ ಆರು ಸಾವಿರ. ಆದರೆ ಅದಕ್ಕೆ ಇಬ್ಬರು ಮಕ್ಕಳ ಸಹಿ ಬೇಕು. ದೊಡ್ಡ ಮಗ, ಎಂದರೆ ನಮ್ಮ ಭಾವ, ಬಸವಕಲ್ಯಾಣದಲ್ಲಿ ಕಾಳಿನ ಅಡತಿ ಅಂಗಡಿ ಇಟ್ಟುಕೊಂಡಿದ್ದರು. ಅವರ ಮನಸ್ಸಿನಲ್ಲಿ ಇದ್ದದ್ದು ಒಂದೇ: ಮಾಳಿಗೆ ಕಿತ್ತು ಸ್ಲ್ಯಾಬ್ ಹಾಕುವುದು. ಆ ದಿನ ಒಂಬತ್ತರ ಬಸ್ಸಿಗೆ ಅವರು ಬಂದು ಮಾತು ಮುಗಿಸುವವರಿದ್ದರು.

ನನ್ನ ಅಂದಾಜು ನಮ್ಮವರ ಶಾಲೆಯ ಅರ್ಧ ಮುಗಿದ ನೋಟುಬುಕ್ಕಿನಲ್ಲಿತ್ತು. ಮನೆವಾರ್ತೆಯ ಪಾಠ ಹೇಳುತ್ತಿದ್ದ ಸಿಸ್ಟರು ಒಂದು ಮನೆಯ ನಕ್ಷೆಯನ್ನು ಅಡಿಪಟ್ಟಿ ಇಟ್ಟು ಬರೆಯುವುದನ್ನು ನಮಗೆ ಕಲಿಸಿದ್ದರು. ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಬಾಣ ಎಳೆಯಬೇಕು. ಹದಿನಾರರ ವಯಸ್ಸಿನಲ್ಲಿ ಅದು ಆಟದ ಹಾಗಿತ್ತು. ಈಗ ಅದೇ ರೀತಿ ನಮ್ಮ ಮನೆ ಬರೆದೆ. ಮಾಳಿಗೆ ಹಾಗೇ ಇರಲಿ, ಬೇಸಿಗೆಯಲ್ಲಿ ಅದರಷ್ಟು ತಂಪು ಇನ್ನೊಂದಿಲ್ಲ. ಮೇಲೆ ಹೊಸ ಮಣ್ಣು ಹಾಕಿಸಿ ಸುಣ್ಣ ಹೊಡೆಸುವುದು. ದೇವರ ಕೋಣೆಯ ನೆತ್ತಿಯಲ್ಲಿ ಗಾಜು ಕೂರಿಸಿದ ಬೆಳಕಿಂಡಿ, ಹಗಲು ಹೊತ್ತು ಲೈಟು ಹಾಕುವುದು ತಪ್ಪುತ್ತದೆ. ಅಡುಗೆಮನೆಯ ಹಿಂಗೋಡೆಯಲ್ಲಿ ಕಿಟಕಿ. ಹಿತ್ತಿಲಲ್ಲಿ ಗುಂಡಿ ತೋಡಿ ಗೋಬರ್ ಗ್ಯಾಸು, ಅಲ್ಲಿಂದ ಪೈಪು ಆ ಕಿಟಕಿಯ ಪಕ್ಕದಲ್ಲಿ ಒಳಗೆ. ಕಟ್ಟಿಗೆ, ಸೀಮೆಎಣ್ಣೆ ಎರಡೂ ಉಳಿಯುತ್ತವೆ. ಗ್ಯಾಸಿನ ವಿಷಯ ಹೇಳಿದ್ದ ಗ್ರಾಮಸೇವಕರು ಸರ್ಕಾರದ ಸಬ್ಸಿಡಿ ಉಂಟು ಎಂದಿದ್ದರು. ನಮ್ಮಲ್ಲಿ ಎರಡೆತ್ತು, ಒಂದು ಆಕಳು, ಒಂದು ಎಮ್ಮೆ. "ನಾಕ ದನ ಅಂದ್ರ ಬರೋಬ್ಬರಿ ಆಗ್ತದ್ರಿ. ಖರೆ, ಒಂದ ಹಿಡಿ ಸೆಗಣಿನೂ ಹೊರಗ ಹೋಗಬಾರದು" ಎಂದಿದ್ದರು. ನಾನು ಒಂದೊಂದಕ್ಕೂ ವಿಚಾರಿಸಿ ಬೆಲೆ ಬರೆದಿದ್ದೆ. ಗಾಜು, ಇಟ್ಟಿಗೆ, ಉಕ್ಕಿನ ಡ್ರಮ್ಮು, ಗೌಂಡಿಯ ಕೂಲಿ. ಕೊನೆಯ ಸಾಲಿನಲ್ಲಿ: ಸೆಗಣಿ, ಮನೆಯದೇ, ಸೊನ್ನೆ.

ಒಲೆಯ ಮೇಲೆ ಛಾ ಕುದಿಯುತ್ತಿರುವಾಗ ಕೊಟ್ಟಿಗೆಯಲ್ಲಿ ಪೊರಕೆಯ ಸಪ್ಪಳ ಕೇಳಿತು. ಬೇಮಳಖೇಡದಾಕೆ ಬಂದಿದ್ದಳು. ಅದು ಅವಳ ತವರೂರು; ಮದುವೆಯಾಗಿ ಬಂದಂದಿನಿಂದ ಓಣಿಯಲ್ಲಿ ಅವಳನ್ನು ಎಲ್ಲರೂ ಹಾಗೇ ಕರೆಯುತ್ತಿದ್ದದ್ದು. ನನ್ನದೇ ವಯಸ್ಸು. ಅವಳಿಗಿಂತ ಮುಂಚೆ ಅವಳ ಅತ್ತೆ ನಮ್ಮ ಕೊಟ್ಟಿಗೆ ಬಳಿಯುತ್ತಿದ್ದಳಂತೆ. ಅವಳಿಗೆ ಪಗಾರ ಎಂಬುದು ಇರಲಿಲ್ಲ. ದಿನಕ್ಕೆ ಎರಡು ಬುಟ್ಟಿ ಸೆಗಣಿ ಬೀಳುತ್ತಿತ್ತು. ಮೊದಲನೆಯ ಬುಟ್ಟಿ ಮನೆಗೆ, ಎರಡನೆಯದು ಅವಳಿಗೆ. ಮಧ್ಯಾಹ್ನ ಕೊಟ್ಟಿಗೆಯ ಕಟ್ಟೆಯ ಮೇಲೆ ಎರಡು ರೊಟ್ಟಿ, ಪಲ್ಯ. ದೀಪಾವಳಿಗೆ ಒಂದು ಸೀರೆ. ತನ್ನ ಬುಟ್ಟಿಯನ್ನು ಅವಳು ನಮ್ಮ ಹಿಂಗೋಡೆಗೇ ತಟ್ಟುತ್ತಿದ್ದಳು, ಮಧ್ಯಾಹ್ನದ ಬಿಸಿಲೆಲ್ಲ ಅದಕ್ಕೇ ಬೀಳುತ್ತಿತ್ತಾದ್ದರಿಂದ. ಗೋಡೆ ತುಂಬ ದುಂಡನೆಯ ಕುಳ್ಳುಗಳು, ಪ್ರತಿಯೊಂದರ ಮೇಲೂ ಅವಳ ಐದು ಬೆರಳು. ಕಿರುಬೆರಳು ಯಾವಾಗಲೋ ಮುರಿದು ಸೊಟ್ಟಗಾಗಿತ್ತು, ಅದೂ ಹಾಗೇ ಮೂಡುತ್ತಿತ್ತು. ಒಣಗಿದ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಳು. ಅವಳ ಮನೆಯ ಒಲೆ ಉರಿಯುತ್ತಿದ್ದದ್ದು ಅದರಿಂದ.

ಇದೆಲ್ಲ ನಾನು ಇಪ್ಪತ್ತು ವರ್ಷದಿಂದ ನೋಡಿದ್ದೆ. ಸೊನ್ನೆ ಬರೆಯುವಾಗ ನೆನಪಾಗಲಿಲ್ಲ, ಅಷ್ಟೆ.

ಭಾವ ಬಂದರು. ಚಪ್ಪಲಿಯನ್ನು ಕೊಟ್ಟಿಗೆಯ ಬಾಗಿಲಲ್ಲಿ ಬಿಟ್ಟು, ಸೆಗಣಿಯ ನೀರು ದಾಟಲು ಧೋತರ ಎತ್ತಿಕೊಂಡು, ಪಡಸಾಲೆಯ ಕಂಬಕ್ಕೆ ಒರಗಿ ಕೂತರು. ಕೂರುತ್ತಲೇ ಮಾಳಿಗೆ ನೋಡಿದರು.

"ಅವ್ವಾ, ಮಾಳಿಗಿ ಮ್ಯಾಲ ಹುಲ್ಲ ಬೆಳದದಲ್ಲ. ಆಡ ಬಿಟ್ಟೀರೇನು ಮೇಯಾಕ?"

"ನನಗ ಕಾಣಸ್ತದೇನಪ್ಪಾ ಹುಲ್ಲು? ನನಗ ನಿನ್ನ ಮಾರಿನೇ ಕಾಣಸೂದಿಲ್ಲ" ಎಂದರು ಅತ್ತೆ.

ನಾನು ಛಾ ಕಳಿಸಿದೆ. ಭಾವನಿಗೆ ಮೂರು ಚಮಚ ಸಕ್ಕರೆ ಬೇಕು. ನಾನು ಒಂದೂವರೆ ಹಾಕಿದ್ದೆ. ಇದನ್ನು ಇಷ್ಟು ವರ್ಷದ ಮೇಲೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಕಿದ್ದು ಒಂದೂವರೆಯೇ.

ಅವರು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಒಂದು ಗುಟುಕು ಎಳೆದರು. "ಛಾ ಸಪ್ಪಗದ."

"ಸಕ್ರಿನೂ ಅಂದಾಜಿನಾಗ ಬರದಿಟ್ಟಾಳ ನಮ್ಮ ಮೇಡಂ" ಎಂದರು ಅತ್ತೆ. "ಇಷ್ಟೇ ಸುರೀಬೇಕಂತ."

ನಮ್ಮ ಮನೆಯ ಪದ್ಧತಿಯಲ್ಲಿ ಭಾವನೆದುರು ಸೊಸೆ ನಿಲ್ಲುವಂತಿರಲಿಲ್ಲ, ಮಾತಾಡುವಂತೆಯೂ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಅವರನ್ನು ನೇರವಾಗಿ ನೋಡಿದ್ದು ಮದುವೆಯ ಫೋಟೋದಲ್ಲಿ ಮಾತ್ರ. ಉಳಿದಂತೆ ಅವರ ಹಿಮ್ಮಡಿಯ ಬಿರುಕುಗಳು ನನಗೆ ಪರಿಚಯ. ದೇವರ ಕೋಣೆಯ ಬಾಗಿಲ ಹಿಂದೆ ಸೆರಗು ಹೊದ್ದು ನಾನು ಕೂರುವುದು, ನಡುವೆ ನಮ್ಮವರು ಕೂರುವುದು. ನನ್ನ ಮಾತನ್ನು ಅವರು ಆಚೆ ದಾಟಿಸುವುದು, ಆಚೆಯದನ್ನು ಈಚೆ. ಮೂರು ಮಾರು ದೂರದಲ್ಲಿ ಇಬ್ಬರಿಗೂ ಎಲ್ಲ ಕೇಳಿಸುತ್ತಿರುತ್ತದೆ, ಆದರೂ ದಾಟಿಸಬೇಕು.

"ಓಣಿಯಾಗ ಎರಡ ಮನಿಗಿ ಸ್ಲ್ಯಾಬ್ ಹಾಕ್ಯಾರ" ಎಂದರು ಭಾವ. "ನಾವಿನ್ನೂ ನೆತ್ತಿ ಮ್ಯಾಲ ಮಣ್ಣ ಹೊತಗೊಂಡು ಕೂತೇವಿ. ಮಗಳ ಲಗ್ನಕ್ಕ ಬೀಗರು ಬಂದ್ರ ಏನ್ ತೋರಸ್ತೀ ತಮ್ಮಾ? ಹುಲ್ಲ ತೋರಸ್ತೀ?"

ನಾನು ಬಾಗಿಲ ಹಿಂದಿನಿಂದ ಹೇಳಿದೆ: "ಅವರಿಗಿ ಹೇಳ್ರಿ, ಹೋದ ವರ್ಷ ಬೇಸಿಗ್ಯಾಗ ನಾವು ಕಲ್ಯಾಣದ ಅವರ ಮನಿಗಿ ಹೋಗಿದ್ದಿವಿ. ಸ್ಲ್ಯಾಬಿನ ಕೆಳಗ ಕೊಡದಾಗಿನ ನೀರು ಕೈ ಸುಡ್ತಿತ್ತು. ಅಲ್ಲಿ ಮನಷ್ಯಾರು ಮಲಗೂದಿಲ್ಲ, ಬೇಯ್ತಾರ."

ನಮ್ಮವರು ಕೆಮ್ಮಿ, "ಅಣ್ಣಾ, ಸ್ಲ್ಯಾಬ್ ಜರಾ ಕಾಯ್ತದಂತ" ಎಂದರು.

"ನಾ ಕೇಳಿದ್ನಿ. ಆಕಿಗಿ ಹೇಳು, ಕಾದ್ರ ಪಂಖಾ ಹಾಕ್ಕೋತಾರಂತ."

"ಅವರಿಗಿ ಹೇಳ್ರಿ, ಪಂಖಾ ತಿರಗಬೇಕಂದ್ರ ಕರೆಂಟ್ ಇರಬೇಕಂತ. ಆವತ್ತ ರಾತ್ರಿ ಅವರೇ ಹಸಿ ಗೋಣಿಚೀಲ ಹಾಸಗೊಂಡು ಕಟ್ಟಿ ಮ್ಯಾಲ ಮಲಗಿದ್ರಂತ."

ನಮ್ಮವರು ಇದನ್ನು ದಾಟಿಸಲೇ ಇಲ್ಲ. ಉಗುರಿನ ಮೇಲಿನ ಶಾಯಿ ಕಲೆಯನ್ನು ಇನ್ನೊಂದು ಉಗುರಿನಿಂದ ಕೆರೆಯತೊಡಗಿದರು. ಅವರಿಗೆ ನನ್ನ ಮೇಲೂ ಸಿಟ್ಟು ಬಂದಿತ್ತು, ಅಣ್ಣನ ಮೇಲೂ. ಎರಡನ್ನೂ ಅವರು ಶಾಯಿಯ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಭಾವ ಕೈ ಚಾಚಿದರು. "ಕೊಡು, ಆ ಅಂದಾಜರ ನೋಡಣು."

ನೋಟುಬುಕ್ಕು ಹೋಯಿತು. ಅವರು ಕನ್ನಡಕ ಏರಿಸಿ, ಒಂದೊಂದೇ ಸಾಲು ಓಣಿಗೆಲ್ಲ ಕೇಳುವ ಹಾಗೆ ಓದಿದರು. "ಮಾಳಿಗಿಗಿ ತೂತು, ಗಾಜು ಸೇರಿ ಎರಡನೂರಾ ಎಂಬತ್ತು. ಗೋಡಿಗಿ ತೂತು, ಚೌಕಟ್ಟ ಸೇರಿ ಮುನ್ನೂರು. ಭೂಮಿಗಿ ತೂತು, ಇಟ್ಟಂಗಿ ಸೇರಿ…" ನೋಟುಬುಕ್ಕನ್ನು ತೊಡೆಯ ಮೇಲೆ ಬಡಿದರು. "ಅವ್ವಾ, ಕಾನ್ವೆಂಟಿನಾಗ ತೂತ ಕೊರೀಲಿಕ್ಕಿ ಬಿಟ್ರ ಮತ್ತೇನೂ ಕಲಸೂದಿಲ್ಲೇನು? ಅಪ್ಪ ಒಂದೂ ತೂತ ಇಲ್ಲದಂಗ ಕಟ್ಟಿದ್ದ ಮನಿ ಇದು."

"ಉಸರ ಆಡಬೇಕಂತಪ್ಪ ಆಕಿಗಿ" ಎಂದರು ಅತ್ತೆ. "ನಾವೆಲ್ಲಾ ಉಸರಾಡದೇ ಬದುಕೀವೇನೋ."

ಅವರ ಬೆಳ್ಳಗಿನ ಕಣ್ಣಿನಿಂದ ನೀರು ಇಳಿದು ಕೆನ್ನೆಯ ಮಡಿಕೆಯಲ್ಲಿ ನಿಂತಿತ್ತು. ಅದನ್ನು ಒರೆಸಿಕೊಳ್ಳುವುದನ್ನು ಅವರು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಭಾವ ಕೊನೆಯ ಸಾಲಿಗೆ ಬಂದರು. ಅಲ್ಲಿ ಅವರ ಬೆರಳು ನಿಂತಿತು. ದನಿ ತಗ್ಗಿತು, ಅಂಗಡಿಯಲ್ಲಿ ಮಾಲಿನ ಚೀಲದೊಳಗೆ ಕೈ ಹಾಕಿದಾಗ ತಗ್ಗುವ ಹಾಗೆ. "ಸೆಗಣಿ. ಮನೀದೇ. ಸೊನ್ನಿ." ಆಮೇಲೆ ನಕ್ಕರು. "ತಮ್ಮಾ, ಅಡತಿ ಅಂಗಡ್ಯಾಗ ಮೂವತ್ತ ವರ್ಷ ಕೂತೇನಿ. ಸೊನ್ನಿಗಿ ಬರೂ ಮಾಲು ನಾ ಒಂದೂ ಕಂಡಿಲ್ಲ. ದಿನಾ ಎರಡನೇ ಬುಟ್ಟಿ ಹೊತಗೊಂಡ ಹೋಗ್ತಾಳಲ್ಲ, ಆಕಿಗೇನ್ ಕೊಡ್ತೀರಿ? ಕೇಳಿರೇನು ಆಕಿನ್ನ?"

ಕೊಟ್ಟಿಗೆಯಲ್ಲಿ ಪೊರಕೆಯ ಸಪ್ಪಳ ನಿಂತಿತು.

"ಏನವಾ ಬೇಮಳಖೇಡದಾಕಿ, ಬಾ ಇಲ್ಲಿ" ಎಂದು ಕರೆದರು. ಅವಳ ಮೇಲಿನ ಕಾಳಜಿಯಿಂದ ಕರೆದದ್ದಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಕೊಟ್ಟಿಗೆ ಮತ್ತು ಪಡಸಾಲೆಯ ನಡುವಿನ ಹೊಸ್ತಿಲ ತನಕ ಬಂದು ನಿಂತಳು. ಅದರಾಚೆಗೆ ಅವಳು ಎಂದೂ ಬಂದಿರಲಿಲ್ಲ, ನಾವು ಕರೆದಿರಲೂ ಇಲ್ಲ. ಮೊಣಕೈ ತನಕ ಹಸಿ ಸೆಗಣಿ. ಕೈಗಳನ್ನು ಮೈಗೆ ತಾಕದ ಹಾಗೆ ದೂರ ಹಿಡಿದುಕೊಂಡಿದ್ದಳು.

"ನಮ್ಮ ಮನ್ಯಾಗ ಗ್ಯಾಸ್ ಬರ್ತದಂತ. ನಿನ್ನ ಬುಟ್ಟಿ ಗುಂಡ್ಯಾಗ ಹೋಗ್ತದಂತ. ಏನಂತೀ?"

"ನಾ ಏನನ್ಲಿರಿ ಸಾವ್ಕಾರ್ರ? ದನ ನಿಮ್ವು."

"ಗ್ವಾಡಿನೂ ಹೋಗ್ತದ. ಕಿಡಕಿ ಮಾಡ್ತಾರಂತ ಅಲ್ಲಿ."

ಅವಳು ಬಾಗಿಲ ಕಡೆ ನೋಡಿದಳು, ಎಂದರೆ ನನ್ನ ಕಡೆ. "ಯಾಕ್ರಿ ಅಕ್ಕೋರ, ಕಿಡಕಿ?"

ನಾನೇ ಉತ್ತರ ಕೊಡಬೇಕಾಗಿತ್ತು. "ಹೊಗಿಗಿ" ಎಂದೆ. "ಕಣ್ಣ ಹಾಳಾಗಾಕತ್ತಾವ. ಡಾಕ್ಟರ್ ಹೇಳ್ಯಾರ."

"ಹೌದ್ರಿ. ಹೊಗಿ ಭಾಳ ಕೆಟ್ಟದು." ಆಮೇಲೆ ಸೇರಿಸಿದಳು: "ನಮ್ಮ ಮನ್ಯಾಗೂ ಕಿಡಕಿ ಇಲ್ರಿ."

ಅವಳ ದನಿಯಲ್ಲಿ ಏರಿಳಿತ ಇರಲಿಲ್ಲ. ಭಾವ ಬಸಿಯ ತಳದ ಛಾವನ್ನು ಸೊರ್ರೆಂದು ಎಳೆದು ಕಾಯುತ್ತಿದ್ದರು. ಅವರಿಗೆ ಬೇಕಾದದ್ದು ಸಿಕ್ಕಿತ್ತು: ನನ್ನ ಅಂದಾಜು ತಪ್ಪು, ಸೊನ್ನೆ ತಪ್ಪು, ಆದ್ದರಿಂದ ಸ್ಲ್ಯಾಬು. ಆ ಆರು ಸಾವಿರ ಸ್ಲ್ಯಾಬಿಗೆ ಹೋದರೆ ಇನ್ನು ನನ್ನ ಜನ್ಮದಲ್ಲಿ ಕಿಟಕಿ ಇಲ್ಲ. ಇನ್ನು ಹತ್ತು ವರ್ಷಕ್ಕೆ ಆ ಮೂಲೆಯಲ್ಲಿ ಕೂತು ಕೆಮ್ಮಿ ಶಿವನ ಹೆಸರು ಹೇಳುವವಳು ನಾನು.

"ನಿನಗ ನಾವು ಪಗಾರ ಕೊಡ್ತೀವಿ" ಎಂದೆ. "ತಿಂಗಳಿಗಿ ಇಪ್ಪತ್ತ ರೂಪಾಯಿ. ಕೊಟಗಿ ಬಳದು ಸೆಗಣಿ ಎಲ್ಲಾ ಗುಂಡಿಗಿ ಕಲಸಿ ಹಾಕು."

ಅವಳು ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡಳು. "ರೊಕ್ಕಾ ಒಲ್ಯಾಗಿಟ್ರ ರೊಟ್ಟಿ ಬೇಯ್ತಾವೇನ್ರಿ ಅಕ್ಕೋರ? ಇಪ್ಪತ್ತ ರೂಪಾಯಿಗಿ ಕಟಗಿ ಅಡ್ಡ್ಯಾಗ ಎಷ್ಟ ಕಟಗಿ ಬರ್ತಾವ, ನಿಮಗ ಗೊತ್ತದ. ನೀವೇ ತರಸ್ತೀರಲ್ಲ."

ಭಾವ ಜೋರಾಗಿ ನಕ್ಕರು. ಕೈಯಲ್ಲಿನ ಬಸಿ ಅಲುಗಿತು. ಅತ್ತೆಯೂ ನಕ್ಕರು. ನಮ್ಮವರು ನಗಲಿಲ್ಲ, ಆದರೆ ತಲೆ ತಗ್ಗಿಸಿದ ರೀತಿ ನೋಡಿ ಅವರಿಗೂ ನಗು ಬಂದಿದೆ ಎಂದು ನನಗೆ ತಿಳಿಯಿತು. ನಾನು ನನ್ನ ನೋಟುಬುಕ್ಕಿಗೆ, ನನ್ನ ಇಂಗ್ಲಿಷಿಗೆ, ನನ್ನ ಕಣ್ಣಿಗೆ ಅವರು ನಗುವುದನ್ನು ಇಪ್ಪತ್ತು ವರ್ಷ ಕೇಳಿದ್ದೆ. ಕೊಟ್ಟಿಗೆಯ ಹೆಂಗಸು ನಗಿಸಿದ್ದನ್ನು ಕೇಳಿರಲಿಲ್ಲ. ಬಾಗಿಲ ಹಿಂದಿನಿಂದ ಎದ್ದು ಪಡಸಾಲೆಗೆ ಬಂದೆ. ಸೆರಗು ಹೆಗಲಿಗೆ ಜಾರಿತ್ತು, ಎಳೆದುಕೊಳ್ಳಲಿಲ್ಲ.

"ಸೆಗಣಿ ನಮ್ಮ ದನದ್ದು" ಎಂದೆ ಅವಳಿಗೆ. "ಗ್ವಾಡಿ ನಮ್ಮದು. ಇಷ್ಟ ದಿನಾ ಕೊಟ್ಟಿದ್ದಿವಿ ಅಂದ್ರ ನಿಂದಾಗೂದಿಲ್ಲ ಅದು. ಬ್ಯಾಡಾದ್ರ ಬಿಡು, ಬ್ಯಾರೆ ಮಂದಿ ಸಿಗ್ತಾರ."

ನನ್ನ ದನಿಯೇ ನನಗೆ ಗುರುತಾಗಲಿಲ್ಲ. ಮೆತ್ತಗೆ ಮಾತಾಡುವುದನ್ನು ಕಾನ್ವೆಂಟಿನಲ್ಲಿ ಅಂಕ ಕೊಟ್ಟು ಕಲಿಸಿದ್ದರು, ಆ ವಿಷಯದಲ್ಲಿ ನಾನು ಪ್ರತಿ ವರ್ಷ ಮೊದಲಿಗಳು.

ಅವಳು ಹೊಸ್ತಿಲಿಂದ ಹಿಂದೆ ಸರಿದು, ಎಮ್ಮೆಯ ಬಾನಿಯ ಪಕ್ಕ ಇಟ್ಟಿದ್ದ ನೀರಿನಲ್ಲಿ ಕೈ ತೊಳೆದಳು. ನಿಧಾನಕ್ಕೆ, ಮೊಣಕೈ ತನಕ, ಬೆರಳ ಸಂದಿಯನ್ನೂ ಬಿಡದೆ. ಅವಳು ನಮ್ಮ ಮನೆಯಲ್ಲಿ ಕೈ ತೊಳೆಯುವುದನ್ನು ನಾನು ನೋಡಿದ್ದು ಅದೇ ಮೊದಲು. ಯಾವಾಗಲೂ ಹಾಗೇ ಹೋಗುತ್ತಿದ್ದಳು, ಗೋಡೆಗೆ ತಟ್ಟುವುದು ಇರುತ್ತಿತ್ತಲ್ಲ.

ಭಾವ ನಗು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಕನ್ನಡಕ ತೆಗೆದು ಜೇಬಿಗೆ ಹಾಕಿದರು. ಆಮೇಲೆ, ಮಧ್ಯದಲ್ಲಿ ತಮ್ಮ ಇದ್ದಾನೆ ಎಂಬುದನ್ನೇ ಮರೆತವರಂತೆ, ನೇರ ನನಗೇ ಹೇಳಿದರು: "ಈಗ ಈ ಮನಿ ಸೊಸಿಯಂಗ ಮಾತಾಡಿದಿ ನೋಡವಾ. ಇಷ್ಟ ವರ್ಷ ನಾ ನಿನ್ನ ಪುಸ್ತಕ ಅಂತ ತಿಳದಿದ್ನಿ."

ಅದು ಅವರು ನನ್ನೊಂದಿಗೆ ಆಡಿದ ಮೊದಲ ಮಾತು. ಅದಕ್ಕಿಂತ ಕೆಟ್ಟ ಮಾತನ್ನು ಅವರು ಆಡಿದ್ದರೂ ಪರವಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಮಾತ್ರ ನನಗೆ ಮೈತುಂಬ ಬಿಸಿಯಾಯಿತು, ಸಂತೋಷಕ್ಕೆ.

ಅವರು ಸಬ್ಸಿಡಿ ಎಷ್ಟು ಎಂದು ಕೇಳಿದರು. ನಾನೇ ಹೇಳಿದೆ, ಯಾರೂ ದಾಟಿಸಲಿಲ್ಲ. ಸ್ಲ್ಯಾಬಿಗಾದರೆ ಆರು ಸಾವಿರ ಸಾಲದು, ಮೇಲಿನದ್ದು ಅವರ ಕಿಸೆಯಿಂದಲೇ ಹೋಗಬೇಕು. ಸರ್ಕಾರ ಸ್ಲ್ಯಾಬಿಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಅವರು ಬೆರಳ ಗೆಣ್ಣು ಎಣಿಸಿ, ಬಾಯೊಳಗೇ ಏನೋ ಲೆಕ್ಕ ಹಾಕಿ, ಅಂಚೆ ಕಚೇರಿಯ ಕಾಗದ ತರಿಸಿ, ನಮ್ಮವರ ಪೆನ್ನಿನಿಂದ ಸಹಿ ಮಾಡಿದರು. "ಸ್ಲ್ಯಾಬ್ ಮುಂದ ನೋಡಣು" ಎಂದರು. ಎರಡನೆಯ ಸಲ ಛಾ ಮಾಡಿದೆ. ಮೂರು ಚಮಚ ಹಾಕಿದೆ.

ಅವರು ಊಟ ಮುಗಿಸಿ ಒಂದರ ಬಸ್ಸಿಗೆ ಹೋದರು. ನಾನು ಎಂದಿನಂತೆ ಎರಡು ರೊಟ್ಟಿಯ ಮೇಲೆ ಪುಂಡಿ ಪಲ್ಯ ಇಟ್ಟು ಕೊಟ್ಟಿಗೆಯ ಕಟ್ಟೆಯ ಮೇಲೆ ಇಟ್ಟೆ. ಮಧ್ಯಾಹ್ನ ಅಡುಗೆಮನೆ ಸಾರಿಸುತ್ತಿದ್ದಾಗ ಗೋಡೆಯ ಆಚೆಯಿಂದ ಸಪ್ಪಳ ಕೇಳತೊಡಗಿತು. ಪಟ್, ಪಟ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪಟ್. ಮೊದಲು ಹಲ್ಲಿ ಇರಬೇಕು ಅಂದುಕೊಂಡೆ.

"ಕುಳ್ಳ ಕೀಳಾಕತ್ತಾಳ" ಎಂದರು ಅತ್ತೆ ಮೂಲೆಯಿಂದ. ಕಣ್ಣು ಹೋದ ಮೇಲೆ ಅವರ ಕಿವಿ ಬಹಳ ಚುರುಕಾಗಿತ್ತು. "ಹಸೀವೂ ಕೀಳಾಕತ್ತಾಳ ನೋಡು. ಹಸೀದು ಕಿತ್ರ ಸಪ್ಪಳ ಬ್ಯಾರೆ."

ನಾನು ಹೊರಗೆ ಹೋಗಲಿಲ್ಲ. ಹೋಗಿ ಏನು ಹೇಳುವುದು ಎಂದು ತಿಳಿಯಲಿಲ್ಲ. ಸಾರಿಸಿದ ನೆಲವನ್ನೇ ಮತ್ತೊಮ್ಮೆ ಸಾರಿಸಿದೆ. ಸಪ್ಪಳ ಬಹಳ ಹೊತ್ತು ನಡೆಯಿತು. ಎರಡು ಸಲವೋ ಮೂರು ಸಲವೋ ಅವಳು ಹೊತ್ತುಕೊಂಡು ಹೋಗಿ ಬಂದಿರಬೇಕು.

"ನೀ ಗೆದ್ದಿ ಬಿಡವಾ" ಎಂದರು ಅತ್ತೆ. "ನಿನ್ನ ಮಾವನ ಕಾಲದಾಗೂ ಆಕಿ ಅತ್ತಿನ್ನ ಯಾರೂ ಹಂಗ ಅಂದಿದ್ದಿಲ್ಲ. ರಜಾಕಾರರ ಗದ್ದಲದಾಗ ನಾವು ಮನಿ ಬಿಟ್ಟು ಓಡಿದಾಗ ಹದಿನೈದ ದಿನ ನಮ್ಮ ದನಕ್ಕ ನೀರ ಹಾಕಿದಾಕಿ ಆಕಿ ಅತ್ತಿ."

"ಮುಂಜಾನೆ ನೀವೂ ನಕ್ರಿ" ಎಂದೆ.

"ನಕ್ನಿ" ಎಂದರು. "ನಗಬಾರದಿತ್ತೇನು?"

ನಾಲ್ಕು ಗಂಟೆಯ ಹೊತ್ತಿಗೆ ಆ ಗೋಡೆಗೆ ಒಳಗಿನಿಂದ ಕೈ ಇಟ್ಟು ನೋಡಿದೆ. ಬೆಚ್ಚಗಿತ್ತು. ಅಷ್ಟು ದಪ್ಪ ಗೋಡೆ ಒಂದು ಮಧ್ಯಾಹ್ನಕ್ಕೆ ಕಾಯುತ್ತದೆಯೇ, ನನಗೇ ಹಾಗೆ ಅನ್ನಿಸಿತೇ, ಗೊತ್ತಿಲ್ಲ. ಇಪ್ಪತ್ತು ಬೇಸಿಗೆ ಆ ಕುಳ್ಳುಗಳು ಬಿಸಿಲನ್ನು ತಮ್ಮ ಮೇಲೆ ಹಾಕಿಕೊಂಡಿದ್ದವು ಎನ್ನುವುದು ನನ್ನ ನಕ್ಷೆಯ ಯಾವ ಬಾಣದಲ್ಲೂ ಇರಲಿಲ್ಲ.

ಗ್ಯಾಸು ಬಂತು. ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ಬಂತು. ನೀಲಿ ಉರಿಯನ್ನು ನೋಡಲು ಓಣಿಯವರೆಲ್ಲ ಬಂದಿದ್ದರು. ಕಿಟಕಿ ಇವತ್ತಿಗೂ ಇದೆ, ನನ್ನ ಕಣ್ಣೂ ಇವೆ; ಇದನ್ನು ಬರೆಯುತ್ತಿರುವುದು ಕನ್ನಡಕವಿಲ್ಲದೆ ಅಲ್ಲ, ಆದರೆ ನಾನೇ. ಸೆಗಣಿ ಎತ್ತಲು ಬೇರೆ ಮಂದಿ ಸಿಗುತ್ತಾರೆ ಎಂದಿದ್ದೆನಲ್ಲ, ಯಾರೂ ಸಿಗಲಿಲ್ಲ. ಬುಟ್ಟಿ ಸಿಗದ ಕೊಟ್ಟಿಗೆಗೆ ಯಾರು ಬರುತ್ತಾರೆ? ಆರು ವರ್ಷ ದಿನಾ ಬೆಳಿಗ್ಗೆ ಸೆಗಣಿಗೆ ನೀರು ಬೆರೆಸಿ ಗುಂಡಿಗೆ ಹಾಕಿದವಳು ನಾನು. ಆ ಸಾಲಿನ ಸೊನ್ನೆಯನ್ನು ಹೊಡೆದು ಬೇರೆ ಅಂಕಿ ಬರೆಯಬೇಕೆಂದು ಎಷ್ಟೋ ಸಲ ನೋಟುಬುಕ್ಕು ತೆಗೆದೆ. ಏನು ಬರೆಯಬೇಕು ಎಂದು ತಿಳಿಯದೆ ಮುಚ್ಚಿಟ್ಟೆ.

ಅದೆಲ್ಲ ಮುಂದಿನ ಮಾತು. ಆ ದಿನ ಸಂಜೆ ದನ ಮೇವಿನಿಂದ ಬಂದವು. ಕೊಟ್ಟಿಗೆಯ ಕಟ್ಟೆಯ ಮೇಲೆ ನಾನಿಟ್ಟ ರೊಟ್ಟಿ ಹಾಗೇ ಇತ್ತು. ಪಲ್ಯ ಒಣಗಿ ರೊಟ್ಟಿಗೆ ಅಂಟಿಕೊಂಡಿತ್ತು, ಇರುವೆ ಹತ್ತಿದ್ದವು. ಪೊರಕೆ ಗೋಡೆಗೆ ಒರಗಿತ್ತು, ಬುಟ್ಟಿ ಬೋರಲಾಗಿತ್ತು. ನಮ್ಮವರು ಪಡಸಾಲೆಯಲ್ಲಿ ಪೇಪರು ಹಿಡಿದು, "ನಾಳಿಗಿ ಬರ್ತಾಳ ಬಿಡು" ಎಂದರು. ಪೇಪರಿನ ಹಿಂದಿನಿಂದಲೇ ಎಂದರು.

ಸೀರೆ ಎತ್ತಿಕಟ್ಟಿ ನಾನೇ ಬುಟ್ಟಿ ತಿರುವಿದೆ. ಸೆಗಣಿ ಎತ್ತುವುದು ನೋಡಿದಷ್ಟು ಸುಲಭವಲ್ಲ. ಬೆರಳು ಕೂಡಿಸಿ ನೆಲಕ್ಕೆ ಒತ್ತಿ ಒಂದೇ ಸೆಳೆತಕ್ಕೆ ಎಳೆಯಬೇಕು, ಇಲ್ಲವಾದರೆ ಅರ್ಧ ಅಲ್ಲೇ ಉಳಿಯುತ್ತದೆ. ನನಗೆ ಅರ್ಧ ಅಲ್ಲೇ ಉಳಿಯಿತು. ಎಮ್ಮೆ ತಿರುಗಿ ತಿರುಗಿ ನನ್ನನ್ನು ನೋಡಿತು. ಮೊದಲನೆಯ ಬುಟ್ಟಿ ತುಂಬಿತು, ತಿಪ್ಪೆಗೆ ಹಾಕಿ ಬಂದೆ. ಎರಡನೆಯದನ್ನು ಹೊತ್ತುಕೊಂಡು ಹಿತ್ತಿಲಿಗೆ ಹೋದೆ. ಗೋಡೆ ಬರಿದಾಗಿತ್ತು. ಕುಳ್ಳಿದ್ದಲ್ಲೆಲ್ಲ ದುಂಡನೆಯ ತೆಳು ಕಲೆ, ಸಾಲು ಸಾಲಾಗಿ. ಇನ್ನೂ ಗುಂಡಿ ಇಲ್ಲ, ಗ್ಯಾಸಿಲ್ಲ. ಈ ಬುಟ್ಟಿಯನ್ನು ಎಲ್ಲಿ ಇಳಿಸಬೇಕು ಎಂದು ಹೊಳೆಯದೆ ಹಾಗೇ ನಿಂತೆ.

ಪಕ್ಕದ ಮನೆಯಾಕೆ ತಮ್ಮ ಹಿತ್ತಿಲಲ್ಲಿ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದರು. ನಡುವೆ ಇರುವುದು ಎದೆಮಟ್ಟದ ಗೋಡೆ. ಅವರ ಮನೆಯಲ್ಲಿ ಇದ್ದದ್ದು ಒಂದೇ ಎಮ್ಮೆ, ಅದೂ ಮುದಿಯದು.

"ಏನ್ರಿ ವೈನೀ, ಇವತ್ತ ನೀವೇ ಬಳ್ಯಾಕತ್ತೀರಿ?" ಎಂದರು.

"ಆಕಿ ಬಂದಿಲ್ರಿ" ಎಂದೆ.

"ಹೌದ್ರಿ, ನಮ್ಮ ಮನಿಗಿ ಬಂದಿದ್ದಳು." ಒಂದು ಚಾದರವನ್ನು ಗದ್ದಕ್ಕೆ ಒತ್ತಿಹಿಡಿದು ಮಡಿಚುತ್ತ, ಮುಂದಿನ ಮಾತನ್ನು ಅವರು ಅದರ ಅಂಚಿಗೇ ಹೇಳಿದರು. "ನಾಳಿಂದ ನಿಮ್ಮ ಕೊಟಗಿ ಬಳೀತೀನ್ರಿ, ಗ್ವಾಡಿ ಕೊಡ್ರಿ ಅಂದಳು. ನಮ್ಮದು ಒಂದ ಎಮ್ಮಿ ಏನವಾ, ಮನಿಗಿ ತಗದ ಮ್ಯಾಲ ಅರ್ಧ ಬುಟ್ಟಿನೂ ಉಳಿಯೂದಿಲ್ಲ ಅಂದ್ನಿ. ಅರ್ಧ ಆದ್ರ ಅರ್ಧೇ ಇರ್ಲಿ ಅಂದಳು ನೋಡ್ರಿ, ಹುಚ್ಚಿ."